ಕೈಯಾರೆ ಕಟ್ಟಿದ ಮನೆಗೆ ಬೆಳಕು ಬರಲಿ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದ್ದಾರೆ. ಇಂದಿನ ಸ್ಥಿತಿಯನ್ನು ಕಂಡರೆ ಈ ಗಾದೆಗೆ ಮೂರನೆಯದೊಂದನ್ನು ಸೇರಿಸಬೇಕೆನಿಸುತ್ತದೆ: ಕಟ್ಟಿದ ಮನೆಯನ್ನು ತಿದ್ದಿ ನೋಡು. ಹೊಸ ಮನೆ ಕಟ್ಟಲು ಹಣ ಬೇಕು. ಹಳೆಯ ಮನೆಯನ್ನು ತಿದ್ದಲು ಹಣದೊಂದಿಗೆ ವಿವೇಕವೂ ಬೇಕು, ತಾಳ್ಮೆಯೂ ಬೇಕು.

ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಈಗ ಪದೇ ಪದೇ ಕಾಣುವ ನೋಟವೊಂದಿದೆ. ಅಪ್ಪ, ಅಮ್ಮ ಸೇರಿ ಗುಡ್ಡದಿಂದ ಮುರಕಲ್ಲು ಕಡಿಸಿ, ತಲೆಹೊರೆಯಲ್ಲಿ ಮಣ್ಣು ಹೊತ್ತು, ಒಂದೊಂದು ವರ್ಷಕ್ಕೆ ಒಂದೊಂದು ಗೋಡೆ ಎಬ್ಬಿಸಿ ಕಟ್ಟಿದ ಮನೆ. ಮಗನ ಕೈಗೆ ನಾಲ್ಕು ಕಾಸು ಬಂದೊಡನೆ ಅಂಗಳಕ್ಕೆ ಜೆಸಿಬಿ ಬರುತ್ತದೆ. ಹದಿನೈದು ವರ್ಷಗಳಲ್ಲಿ ಎದ್ದುನಿಂತ ಗೋಡೆ ಹದಿನೈದು ನಿಮಿಷಗಳಲ್ಲಿ ನೆಲ ಕಚ್ಚುತ್ತದೆ. ಅದರ ಜಾಗದಲ್ಲಿ ತಾರಸಿಯ ಪೆಟ್ಟಿಗೆಯೊಂದು ಏಳುತ್ತದೆ. ಹೊರಗಿನಿಂದ ಚಂದ, ಒಳಗೆ ಹೋದರೆ ಮಧ್ಯಾಹ್ನ ಹನ್ನೆರಡು ಗಂಟೆಗೂ ದೀಪದ ಗುಂಡಿ ಒತ್ತಬೇಕು. ಸಾಲ ತೀರುವ ಮೊದಲೇ ಸೋರಿಕೆ ಆರಂಭ. ಸೋರಿಕೆಗೆಂದು ತಾರಸಿಯ ಮೇಲೆ ಮತ್ತೆ ತಗಡಿನ ಮಾಡು. ಕೆಡವಿದ್ದು ಯಾತಕ್ಕೆ, ಕಟ್ಟಿದ್ದು ಯಾತಕ್ಕೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ನನ್ನ ಮನಸ್ಸಿನಲ್ಲಿ ಎಬ್ಬಿಸಿದ್ದು ನಮ್ಮೂರಿನ ಮನೆಯಲ್ಲ, ದೂರದ ತಮಿಳುನಾಡಿನ ನಿಲಕ್ಕೋಟ್ಟೈ ಎಂಬ ಊರಿನ ಒಂದು ಮನೆ. ಅದರ ಕತೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಾಂಧಿಗ್ರಾಮದ ವಿದ್ಯಾಸಂಸ್ಥೆಯಲ್ಲಿ ಓದಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆ ಕಡೆಯೇ ನೆಲೆಸಿದ್ದಾನೆ. “ಮಾಷ್ಟ್ರೇ, ಇಲ್ಲಿಯೂ ಮನೆಯಲ್ಲಿ ಕನ್ನಡ ಮಾತಾಡುವವರು ಸಾವಿರಾರು ಮಂದಿ ಇದ್ದಾರೆ. ಒಮ್ಮೆ ಬಂದು ನೋಡಿ” ಎಂದು ಅವನು ಬಹಳ ಕಾಲದಿಂದ ಕರೆಯುತ್ತಿದ್ದ. ಮದುರೆಯಿಂದ ದಿಂಡಿಗಲ್ ಕಡೆಗೆ ಹೋಗುವ ರೈಲುಹಾದಿಯಲ್ಲಿ ಕೊಡೈಕನಾಲ್ ರೋಡ್ ಎಂಬ ನಿಲ್ದಾಣವಿದೆ. ಅಲ್ಲಿಳಿದು ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ನಿಲಕ್ಕೋಟ್ಟೈ. 1985ರಲ್ಲಿ ಮದುರೆ ಜಿಲ್ಲೆಯನ್ನು ಒಡೆದು ದಿಂಡಿಗಲ್ ಜಿಲ್ಲೆ ರಚನೆಯಾಯಿತು. ನಿಲಕ್ಕೋಟ್ಟೈ ಅದರ ಒಂದು ತಾಲೂಕು ಕೇಂದ್ರ. ಪಡುವಣದಲ್ಲಿ ಕೊಡೈಕನಾಲ್ ಬೆಟ್ಟಗಳ ನೀಲಿ ಸಾಲು. ಇತ್ತ ಕೆಂಪು ನೆಲ, ತೆಂಗು, ತಾಳೆ, ಎಲ್ಲಕ್ಕಿಂತ ಹೆಚ್ಚಾಗಿ ಮಲ್ಲಿಗೆ. ಅಲ್ಲಿಯ ಹೂವಿನ ಪೇಟೆ ಸುತ್ತಲಿನ ಸೀಮೆಗೆಲ್ಲ ಹೆಸರಾದುದು. 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ‘ಮದುರೈ ಮಲ್ಲಿ’ ಬೆಳೆಯುವ ಸೀಮೆ ಇದು.

ಈ ಸೀಮೆಯಲ್ಲಿ, ಇನ್ನೂ ಪಡುವಣಕ್ಕೆ ತೇನಿ, ಕಂಬಂ ಕಣಿವೆಯ ಉದ್ದಕ್ಕೂ, ಕನ್ನಡ ಮನೆಮಾತಿನ ಸಮುದಾಯಗಳು ಶತಮಾನಗಳಿಂದ ಬಾಳುತ್ತಿವೆ. ತಮಿಳಿನಲ್ಲಿ ಕಾಪ್ಪಿಲಿಯರ್, ಅನುಪ್ಪರ್ ಎಂದು ಕರೆಸಿಕೊಳ್ಳುವ ಒಕ್ಕಲು ಜನ, ಕುರುಬರು, ದೇವಾಂಗ ನೇಕಾರರು—ಹೀಗೆ. ಇವರಿಗೆ ಕನ್ನಡ ಶಾಲೆಯಿಲ್ಲ, ಕನ್ನಡ ಪತ್ರಿಕೆಯಿಲ್ಲ, ಹೆಚ್ಚಿನವರಿಗೆ ಕನ್ನಡ ಲಿಪಿಯ ಪರಿಚಯವೂ ಇಲ್ಲ. ಬೀದಿಗೆ ಕಾಲಿಟ್ಟರೆ ತಮಿಳು. ಹೊಸ್ತಿಲು ದಾಟಿ ಒಳಗೆ ಬಂದರೆ, ತಮಿಳಿನ ಹದ ಸೇರಿದ ತಮ್ಮದೇ ಒಂದು ಕನ್ನಡ. ಅವರ ಭಾಷೆಗೆ ಇರುವ ಆಸರೆಯೆಂದರೆ ಆ ನಾಲ್ಕು ಗೋಡೆಗಳು ಮಾತ್ರ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಕೊನೆಯಲ್ಲಿ ಇದಕ್ಕೇ ಮರಳಿ ಬರಲಿದ್ದೇನೆ.

ನನ್ನ ವಿದ್ಯಾರ್ಥಿ ನನ್ನನ್ನು ಕರೆದೊಯ್ದುದು ಹೂ ಬೆಳೆಯುವ ಒಂದು ಸಣ್ಣ ಸಂಸಾರದ ಮನೆಗೆ. ಮನೆಯೊಡತಿಗೆ ಎಪ್ಪತ್ತು ದಾಟಿದೆ. ಗಂಡ ತೀರಿಕೊಂಡು ಕೆಲವು ವರ್ಷಗಳಾದುವು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರಿಬ್ಬರೂ ಸೇರಿ ಕಟ್ಟಿದ ಮನೆ ಅದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಎರಡು ಕೋಣೆಗಳು, ಒಂದರ ಹಿಂದೆ ಒಂದು. ಇಟ್ಟಿಗೆ, ಮಣ್ಣು ಗಾರೆ, ತಾಳೆಮರದ ಪಕ್ಕಾಸು, ಮೇಲೆ ನಾಡಹಂಚು. ಮುಂದುಗಡೆ ಮೊಣಕಾಲೆತ್ತರದ ಜಗಲಿ. ತಮಿಳಿನಲ್ಲಿ ಅದಕ್ಕೆ ತಿಣ್ಣೈ ಎನ್ನುತ್ತಾರೆ. ಮುಂಬಾಗಿಲು ಒಂದೇ. ಹಿಂದಿನ ಕೋಣೆಗೆ ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಒಂದೇ ಒಂದು ಕಿಂಡಿ. ಆ ಕೋಣೆಯಲ್ಲಿಯೇ ಅಡಿಗೆ, ಅಲ್ಲಿಯೇ ಹೆರಿಗೆ, ಅಲ್ಲಿಯೇ ಬಾಣಂತನ, ಅಲ್ಲಿಯೇ ಮಗನ ಓದು.

ಮಗನಿಗೆ ಮದುವೆಯಾಗಿ ಮಕ್ಕಳಾದ ಮೇಲೆ ಮನೆ ಸಾಲದಾಯಿತು. ಗುತ್ತಿಗೆದಾರರೊಬ್ಬರು ಬಂದು, ಇದನ್ನೆಲ್ಲ ಕೆಡವಿ ತಾರಸಿ ಹಾಕುವುದೇ ಸರಿಯೆಂದು ಲೆಕ್ಕ ಕೊಟ್ಟರಂತೆ. ಸಾಲಕ್ಕೆ ಕಾಗದಪತ್ರಗಳೂ ಸಿದ್ಧವಾಗಿದ್ದುವು. ಆಗ ಆ ತಾಯಿ ಹೇಳಿದ ಮಾತು ಇಷ್ಟೆ: “ಗೋಡೆ ಬಿದ್ದಿದೆಯಾ? ಇಲ್ಲವಲ್ಲ. ಕತ್ತಲೆ ಇದೆ. ಕತ್ತಲೆಗೆ ಗೋಡೆಯನ್ನು ಯಾಕೆ ಕೊಲ್ಲಬೇಕು?”

ಎಂಜಿನಿಯರರು ಹತ್ತು ಪುಟ ಬರೆದು ಹೇಳಬೇಕಾದುದನ್ನು ಆಕೆ ಒಂದು ಮಾತಿನಲ್ಲಿ ಹೇಳಿದರು. ಮನೆಯ ರೋಗ ಯಾವುದೆಂದು ತಿಳಿಯದೆ ಮನೆಯನ್ನೇ ಕೆಡಹುವುದು, ಹಲ್ಲುನೋವಿಗೆ ತಲೆ ತೆಗೆದಂತೆ. ಅವರ ಮನೆಗಿದ್ದ ರೋಗಗಳು ಮೂರು: ಮಾಡು ಸೋರುತ್ತಿತ್ತು, ಒಳಗೆ ಬೆಳಕಿರಲಿಲ್ಲ, ಒಬ್ಬರಿಗೆ ಓದಲು ಇನ್ನೊಬ್ಬರಿಗೆ ಮಲಗಲು ಬೇರೆ ಬೇರೆ ಎಡೆ ಇರಲಿಲ್ಲ. ಈ ಮೂರಕ್ಕೂ ಅವರು ಮೂರು ವರ್ಷಗಳಲ್ಲಿ, ಹೂವಿನ ಉಳಿತಾಯದಲ್ಲಿ, ಒಂದೊಂದಾಗಿ ಮದ್ದು ಮಾಡಿದರು.

ಮೊದಲನೆಯ ವರ್ಷ ಮಾಡಿನ ಕೆಲಸ. ಹಂಚುಗಳನ್ನು ಇಳಿಸಿ, ಗೆದ್ದಲು ಹಿಡಿದ ಪಕ್ಕಾಸುಗಳನ್ನು ಬದಲಿಸಿ, ಒಡೆದುದನ್ನು ತೆಗೆದು ಮತ್ತೆ ಹೊದೆಸಿದರು. ಹಾಗೆ ಹೊದೆಸುವಾಗ ನಡುನಡುವೆ ಎರಡೆಡೆ ಗಾಜು ಕೂರಿಸಿದರು. ಅದೇ ವರ್ಷ ಹಿಂದಿನ ಕೋಣೆಯ ಬಡಗಣ ಗೋಡೆಯಲ್ಲಿ ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಕಿಟಕಿ ತೆರೆದರು. ಹಳೆಯ ಮನೆಯೊಂದನ್ನು ಕೆಡವಿದಲ್ಲಿಂದ ಚೌಕಟ್ಟು ಸಹಿತ ಅಗ್ಗದಲ್ಲಿ ಕೊಂಡು ತಂದ ಕಿಟಕಿ ಅದು.

ಎರಡನೆಯ ವರ್ಷ ಹಿತ್ತಲಲ್ಲಿ ಹೊಸ ಅಡಿಗೆಮನೆ. ಇಲ್ಲಿಯೇ ಅವರ ಜಾಣತನ ಕಾಣುವುದು. ಹಳೆಯ ಗೋಡೆಗೆ ಅಂಟಿಸಿ ಅಡಿಗೆಮನೆ ಕಟ್ಟಿದ್ದರೆ ಹಿಂದಿನ ಕೋಣೆ ಮತ್ತೆ ಕುರುಡಾಗುತ್ತಿತ್ತು. ಅವರು ನಡುವೆ ಆರು ಅಡಿ ಅಗಲ, ಎಂಟು ಅಡಿ ಉದ್ದದ ಜಾಗವನ್ನು ಆಕಾಶಕ್ಕೆ ತೆರೆದು ಬಿಟ್ಟರು. ತಮಿಳರು ಇದನ್ನು ಮುಟ್ರಂ ಎನ್ನುತ್ತಾರೆ, ನಾವು ನಡು ಅಂಗಳ ಎನ್ನುತ್ತೇವೆ. ಅದರ ಪಡುವಣ ಬದಿಗೆ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ ಜಾಲರಿ ಗೋಡೆ. ಇಳಿಬಿಸಿಲು ಅದರಲ್ಲಿ ಸೋಸಿ ಚುಕ್ಕೆಚುಕ್ಕೆಯಾಗಿ ಒಳಗೆ ಬೀಳುತ್ತದೆ, ಗಾಳಿ ನಿಲ್ಲುವುದಿಲ್ಲ.

ಮೂರನೆಯ ವರ್ಷ ಹಿಂದಿನ ಕೋಣೆಯ ಮಾಡನ್ನು ಮುಂದಿನದಕ್ಕಿಂತ ಎರಡು ಅಡಿ ಎತ್ತರಿಸಿದರು. ಎರಡು ಮಾಡುಗಳ ನಡುವಣ ಆ ಸಂದಿನಲ್ಲಿ ಸಾಲಾಗಿ ಗಾಳಿಕಿಂಡಿಗಳು. ಒಳಗಿನ ಸೆಕೆ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ. ಎತ್ತರ ದೊರೆತುದರಿಂದ ಕೋಣೆಯ ಒಂದು ಬದಿಗೆ ಹಲಗೆಯ ಅಟ್ಟವೂ ಆಯಿತು. ಏಣಿ ಹತ್ತಿ ಮೇಲೆ ಹೋದರೆ ಮೊಮ್ಮಗಳ ಓದುವ ಎಡೆ. ಗಾಜಿನ ಬೆಳಕು ನೇರವಾಗಿ ಪುಸ್ತಕದ ಮೇಲೆ ಬೀಳುತ್ತದೆ.

ಈಗ ಆ ಮನೆ ಹೇಗಿದೆ? ಒಟ್ಟು ವಿಸ್ತಾರದಲ್ಲಿ ನಮ್ಮ ಸಾಧಾರಣ ತಾರಸಿ ಮನೆಗಿಂತಲೂ ಚಿಕ್ಕದು. ಆದರೆ ಅದರಲ್ಲಿ ಒಂದು ಎಡೆಯಂತೆ ಇನ್ನೊಂದಿಲ್ಲ. ಜಗಲಿ ತಗ್ಗಾಗಿ ತಂಪಾಗಿದೆ; ನಸುಕಿನಲ್ಲಿ ಕೊಯ್ದು ತಂದ ಮೊಗ್ಗು ಬಾಡದಂತೆ ಅಲ್ಲಿಯೇ ರಾಶಿ ಹಾಕಿ, ಪೇಟೆಗೆ ಹೋಗದೆ ಉಳಿದುದನ್ನು ಅಲ್ಲಿಯೇ ಕುಳಿತು ಕಟ್ಟುತ್ತಾರೆ. ಮುಂದಿನ ಕೋಣೆ ಮಬ್ಬು. ಮಧ್ಯಾಹ್ನ ಮಲಗಲು ಹಿತ. ನಡು ಅಂಗಳದಲ್ಲಿ ಬೆಳಗಿನ ಎಳೆಬಿಸಿಲು. ಅಜ್ಜಿ ಬೆನ್ನು ಕಾಯಿಸುವುದು ಅಲ್ಲಿ. ಹಿಂದಿನ ಕೋಣೆ ಎತ್ತರವಾಗಿ, ಬೆಳ್ಳಗೆ ಸುಣ್ಣ ಬಳಿದುಕೊಂಡು ದಿನವಿಡೀ ಬೆಳಗುತ್ತದೆ. ಹಗಲು ಕಳೆದಂತೆ ಬೆಳಕು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುತ್ತದೆ, ಮನೆಯವರೂ ಅದರ ಹಿಂದೆಯೇ ಹೋಗುತ್ತಾರೆ. ಚಿಕ್ಕ ಮನೆ ದೊಡ್ಡದಾಗುವ ಗುಟ್ಟು ಇದೇ ಎಂದು ನನಗೆ ತೋರುತ್ತದೆ: ಚದರ ಅಡಿ ಹೆಚ್ಚಿಸುವುದಲ್ಲ, ಎಡೆಗಳ ಬಗೆ ಹೆಚ್ಚಿಸುವುದು.

ಇದು ಒಬ್ಬ ಮುದುಕಿಯ ಹಟದ ಫಲವೆಂದು ತಳ್ಳಿಹಾಕುವಂತಿಲ್ಲ. ಲೆಕ್ಕವೂ ಆಕೆಯ ಕಡೆಗಿದೆ. ವಾಸದ ಕೋಣೆಗೆ ಎಷ್ಟು ಕಿಟಕಿ ಬೇಕೆಂಬುದಕ್ಕೆ ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅಳತೆಯಿದೆ. ಒಣ ಸೆಕೆಯ ಸೀಮೆಯಲ್ಲಿ ನೆಲದ ವಿಸ್ತಾರದ ಹತ್ತನೆಯ ಒಂದು ಪಾಲು, ಮಳೆ ಮತ್ತು ಸೆಕೆಯ ತೇವದ ಸೀಮೆಯಲ್ಲಿ ಆರನೆಯ ಒಂದು ಪಾಲು ಕಿಟಕಿಯಿರಬೇಕು. ಆ ಮನೆಯ ಹಿಂದಿನ ಕೋಣೆ 120 ಚದರ ಅಡಿ. ಹತ್ತನೆಯ ಪಾಲೆಂದರೆ 12 ಚದರ ಅಡಿ. ಮೊದಲಿದ್ದ ಕಿಂಡಿ ಬರಿಯ 3 ಚದರ ಅಡಿ. ಹೊಸ ಕಿಟಕಿ ಸರಿಯಾಗಿ 12. ಸಂಹಿತೆಯನ್ನು ಓದದೆಯೇ ಅವರು ಅದರ ಅಳತೆಗೆ ಬಂದು ನಿಂತರು.

ಅದೇ ಕೋಣೆ ಕಾಸರಗೋಡಿನಲ್ಲಿದ್ದರೆ? ನಮ್ಮದು ತೇವದ ಸೀಮೆ. ಆರನೆಯ ಪಾಲಿನಂತೆ 20 ಚದರ ಅಡಿ ಬೇಕು. ಅಂದರೆ ಐದು ಅಡಿಗೆ ನಾಲ್ಕು ಅಡಿಯ ಕಿಟಕಿ, ಅಥವಾ ಎದುರುಬದುರು ಗೋಡೆಗಳಲ್ಲಿ ಎರಡು ಸಣ್ಣ ಕಿಟಕಿಗಳು. ವಾಚಕರು ಇಂದು ಸಂಜೆ ಒಂದು ಅಳತೆಪಟ್ಟಿ ಹಿಡಿದು ತಮ್ಮ ಮನೆಯ ಮಲಗುವ ಕೋಣೆಯನ್ನು ಅಳೆದು ನೋಡಲಿ. ಹೊಸ ಮನೆಗಳಲ್ಲಿಯೂ ಎಷ್ಟು ಕೋಣೆಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆಂದು ತಿಳಿಯುತ್ತದೆ.

ಆದರೆ ಒಂದು ಎಚ್ಚರಿಕೆ. ಆ ಊರಿನ ಮದ್ದನ್ನು ಇಲ್ಲಿಗೆ ಹಾಗೆಯೇ ತರಲಾಗದು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ದಿಂಡಿಗಲ್ ಸೀಮೆಯಲ್ಲಿ ಅದರ ಕಾಲು ಪಾಲಿನಷ್ಟೆ, ಅದೂ ಹೆಚ್ಚಾಗಿ ಹಿಂಗಾರಿನಲ್ಲಿ. ನಮ್ಮಲ್ಲಿ ಜೂನ್‌ನ ಗಾಳಿಮಳೆ ಪಡುವಣದಿಂದ ಬಂದು ಗೋಡೆಗೆ ಬಡಿಯುತ್ತದೆ. ಆದುದರಿಂದ ಇಲ್ಲಿ ದೊಡ್ಡ ಕಿಟಕಿಗೆ ಅಗಲವಾದ ಮಾಡಿನ ಚಾಚು ಬೇಕೇ ಬೇಕು. ಪಡುವಣಕ್ಕೆ ಕಿಟಕಿ ಕಡಿಮೆ ಮಾಡಿ, ಬಡಗಣಕ್ಕೂ ಮೂಡಣಕ್ಕೂ ತೆರೆಯುವುದು ಲೇಸು. ನಡು ಅಂಗಳ ಬಿಡುವುದಾದರೆ ನೀರು ಹರಿದುಹೋಗುವ ದಾರಿ ಮೊದಲೇ ತೋಡಿರಬೇಕು. ಗಾಜಿನ ಹಂಚನ್ನು ಹಿತಮಿತವಾಗಿ ಇಡಬೇಕು. ಮಾಡಿನ ತುಂಬ ಗಾಜು ಇಟ್ಟರೆ ಎಪ್ರಿಲ್ ತಿಂಗಳಲ್ಲಿ ಮನೆ ಒಲೆಯಾಗುತ್ತದೆ. ಬಾಸೆಲ್ ಮಿಶನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಮಾಡು ಹೋಗಿ ಹಂಚಿನ ಮಾಡು ಬಂದ ನಮ್ಮ ಕರಾವಳಿಯಲ್ಲಿ, ಅಡಿಗೆಮನೆಯ ಹೊಗೆಯ ನಡುವೆ ಒಂದು ಗಾಜಿನ ಹಂಚಿನಿಂದ ಇಳಿಯುವ ಬೆಳಕಿನ ಕೋಲನ್ನು ಬಾಲ್ಯದಲ್ಲಿ ಕಾಣದವರು ವಿರಳ. ಅದು ನಮಗೆ ಹೊಸ ವಿದ್ಯೆಯಲ್ಲ. ನಾವು ಮರೆತ ವಿದ್ಯೆ.

ಹಳೆಯ ಗೋಡೆಯಲ್ಲಿ ಕಿಟಕಿ ತೆರೆಯುವುದು ಅಪಾಯವಲ್ಲವೇ ಎಂದು ಕೇಳಬಹುದು. ಅಜಾಗರೂಕತೆಯಿಂದ ಮಾಡಿದರೆ ಅಪಾಯವೇ ಸರಿ. ಅನುಭವಸ್ಥ ಮೇಸ್ತ್ರಿ ಮೊದಲು ಮಾಡಿಗೆ ಊರೆ ಕೊಡುತ್ತಾನೆ. ಮೂಲೆಯಿಂದ ಕನಿಷ್ಠ ಎರಡು ಅಡಿ ದೂರ ಬಿಟ್ಟು ಗುರುತು ಹಾಕುತ್ತಾನೆ. ಮೇಲಿನ ಭಾರ ಹೊರುವ ಅಡ್ಡತೊಲೆಯನ್ನು ಎರಡೂ ಬದಿಗೆ ಅರ್ಧ ಅಡಿಯಾದರೂ ಗೋಡೆಯೊಳಗೆ ಕೂರಿಸಿದ ಮೇಲೆಯೇ ಕೆಳಗಿನ ಕಲ್ಲು ತೆಗೆಯುತ್ತಾನೆ. ಮೊದಲು ಕಲ್ಲು ಕಿತ್ತು ಆಮೇಲೆ ತೊಲೆ ಹುಡುಕುವವನನ್ನು ಅಂಗಳಕ್ಕೂ ಸೇರಿಸಬಾರದು. ಇನ್ನು, ಪಂಚಾಂಗ ಕುಸಿದ ಮನೆ, ಗೋಡೆ ಮೇಲಿಂದ ಕೆಳಗಿನವರೆಗೆ ಸೀಳಿದ ಮನೆ, ಗುಡ್ಡ ಜರಿಯುವ ಬುಡದಲ್ಲಿರುವ ಮನೆ—ಇವುಗಳನ್ನು ಉಳಿಸಿಕೊಳ್ಳಿರೆಂದು ನಾನು ಹೇಳುವುದಿಲ್ಲ. ಅಂತಹವನ್ನು ಬಿಡುವುದೇ ವಿವೇಕ. ನನ್ನ ವಾದವೆಲ್ಲ ಗಟ್ಟಿಮುಟ್ಟಾಗಿದ್ದೂ ಕೇವಲ ಕತ್ತಲೆಯ ಅಪರಾಧಕ್ಕಾಗಿ ಮರಣದಂಡನೆ ಪಡೆಯುತ್ತಿರುವ ಮನೆಗಳ ಪರವಾಗಿ.

ಈ ವಿಚಾರದಲ್ಲಿ ಕೇರಳದವರಾದ ನಮಗೆ ದಾರಿ ತೋರಿದ ಮಹನೀಯರೊಬ್ಬರು ನಮ್ಮ ರಾಜಧಾನಿಯಲ್ಲಿಯೇ ಬಾಳಿದ್ದರು. ಲಾರಿ ಬೇಕರ್ 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಭಾರತಕ್ಕೆ ಬಂದು ನೆಲೆಸಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು. 1990ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿನೊಳಗೆ ಸಿಗುವಂತಿರಬೇಕೆಂಬ ಗಾಂಧೀಜಿಯವರ ಮಾತನ್ನು ಅವರು ಬಾಳಿನುದ್ದಕ್ಕೂ ನೆನೆಯುತ್ತಿದ್ದರು. ಇಟ್ಟಿಗೆಯನ್ನು ಅಡ್ಡಕ್ಕೆ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ಕ್ರಮವನ್ನು ಅವರು ಬಳಕೆಗೆ ತಂದರು. ಅದರಿಂದ ಇಟ್ಟಿಗೆಯಲ್ಲಿ ಸುಮಾರು ಕಾಲು ಪಾಲು ಉಳಿತಾಯ. ಟೊಳ್ಳಿನಿಂದಾಗಿ ಒಳಗೆ ಸೆಕೆಯೂ ಕಡಿಮೆ. ಕಿಟಕಿಯ ಮರಕ್ಕೆ ಹಣವಿಲ್ಲದವರಿಗೆ ಇಟ್ಟಿಗೆಯ ಜಾಲರಿಯನ್ನೇ ಕಿಟಕಿಯಾಗಿಸಿ ಕೊಟ್ಟರು. ತಿರುವನಂತಪುರದ ನಾಲಂಚಿರದಲ್ಲಿ ಬಂಡೆಗಲ್ಲಿನ ಇಳಿಜಾರಿನಲ್ಲಿ ಅವರು ಕಟ್ಟಿಕೊಂಡ ಸ್ವಂತ ಮನೆಯೂ ಒಮ್ಮೆಲೇ ಆದುದಲ್ಲ. ವರ್ಷ ವರ್ಷವೂ ಬೇಕಾದಂತೆ ಸೇರಿಸುತ್ತ, ಕೆಡವಿದ ಹಳೆಯ ಕಟ್ಟಡಗಳ ಮರಮುಟ್ಟು ಬಳಸುತ್ತ ಬೆಳೆಸಿದ ಮನೆ ಅದು. ಹೆಸರಾಂತ ವಾಸ್ತುಶಿಲ್ಪಿಗೆ ನಾಚಿಕೆಯಾಗದ ಕೆಲಸಕ್ಕೆ ನಮಗೇಕೆ ನಾಚಿಕೆ?

ಇನ್ನು ಸರಕಾರದ ಮಾತು. ಬಡವರಿಗೆ ಮನೆ ಕೊಡಬೇಕೆಂಬ ಸಂಕಲ್ಪದಲ್ಲಿ ಕೇರಳ ಯಾರಿಗೂ ಹಿಂದಿಲ್ಲ. ಎಂ. ಎನ್. ಗೋವಿಂದನ್ ನಾಯರ್ ಅವರು ಸಚಿವರಾಗಿದ್ದಾಗ 1972ರಲ್ಲಿ ಲಕ್ಷ ಮನೆಗಳ ಯೋಜನೆ ಆರಂಭವಾಯಿತು. ‘ಲಕ್ಷಂವೀಡು’ ಎಂಬ ಹೆಸರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. ನಡುಗೋಡೆಯೊಂದನ್ನು ಹಂಚಿಕೊಂಡ ಅವಳಿ ಮನೆಗಳು ಅವು. ಹಂಚಿಕೊಂಡ ಗೋಡೆಯಲ್ಲಿ ಕಿಟಕಿ ಇಡುವಂತಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಈಗಿನ ಲೈಫ್ ಯೋಜನೆಯಲ್ಲಿ ಮನೆಗೆ 4 ಲಕ್ಷ ರೂಪಾಯಿ ದೊರೆಯುತ್ತದೆ. ತಮಿಳುನಾಡಿನಲ್ಲಿ 2024ರಲ್ಲಿ ಆರಂಭವಾದ ‘ಕಲೈಞರ್ ಕನಸಿನ ಮನೆ’ ಯೋಜನೆಯಲ್ಲಿ 360 ಚದರ ಅಡಿಯ ಮನೆಗೆ 3.50 ಲಕ್ಷ ರೂಪಾಯಿ. ಇವು ತಲೆಯ ಮೇಲೆ ಸೂರಿಲ್ಲದವರಿಗೆ ದೊಡ್ಡ ಉಪಕಾರ; ಅದರಲ್ಲಿ ಎರಡು ಮಾತಿಲ್ಲ.

ಆದರೆ ಸೂರಿದ್ದು ಬೆಳಕಿಲ್ಲದವನ ಗತಿಯೇನು? ಹೊಸ ಮನೆಗೆ ಲಕ್ಷಗಳು ದೊರೆಯುವಾಗ ತಿದ್ದುಪಡಿಗೆ ದೊರೆಯುವುದು ಅಲ್ಪ. ಆದುದರಿಂದ ನೆಟ್ಟಗಿದ್ದ ಮನೆಯನ್ನು ಕೆಡವಿದವನೇ ಜಾಣನೆನಿಸಿಕೊಳ್ಳುತ್ತಾನೆ. ನಮ್ಮ ಗ್ರಾಮ ಪಂಚಾಯತುಗಳ ವಾರ್ಷಿಕ ಯೋಜನೆಯಲ್ಲಿ ಮನೆ ದುರಸ್ತಿಗೆಂದು ಹಣ ಇಡುವುದುಂಟು. ಅದು ಸಾಮಾನ್ಯವಾಗಿ ಮಾಡು, ನೆಲ, ಸಾರಣೆಗಳಲ್ಲಿಯೇ ಮುಗಿದುಹೋಗುತ್ತದೆ. ದುರಸ್ತಿಯ ಅಂದಾಜುಪಟ್ಟಿಯಲ್ಲಿ ಕಿಟಕಿ, ಗಾಳಿಕಿಂಡಿ, ಗಾಜಿನ ಹಂಚು ಎಂಬ ಒಂದು ಬಾಬತ್ತು ಸೇರಿಸಿದರೆ ಪಂಚಾಯತಿನ ಬೊಕ್ಕಸಕ್ಕೆ ಬೀಳುವ ಹೊರೆ ಹೆಚ್ಚಲ್ಲ. ಮುಂದಿನ ಗ್ರಾಮಸಭೆಯಲ್ಲಿ ನಮ್ಮವರು ಎದ್ದುನಿಂತು ಇದನ್ನು ಕೇಳಬೇಕು. ಅದರೊಂದಿಗೆ, ಅರ್ಜಿ ನಮೂನೆಯೂ ಅಂದಾಜುಪಟ್ಟಿಯೂ ಕನ್ನಡದಲ್ಲಿ ಸಿಗಬೇಕೆಂದೂ ಕೇಳಬೇಕು. ಏನು ಬರೆದಿದೆಯೆಂದು ತಿಳಿಯದೆ ಸಹಿ ಹಾಕಿದವನಿಗೆ ತನ್ನ ಮನೆಗೆ ಎಷ್ಟು ಕಿಟಕಿ ಬರೆದಿದ್ದಾರೆಂದು ಹೇಗೆ ತಿಳಿಯಬೇಕು?

ಈಗ ಮೊದಲು ಹೇಳಿದ ಮಾತಿಗೆ ಮರಳುತ್ತೇನೆ. ನಿಲಕ್ಕೋಟ್ಟೈಯ ಆ ತಾಯಿ ಮನೆ ತಿದ್ದುವಾಗ ಮಗನಿಗೆ ಹಾಕಿದ ಷರತ್ತು ಒಂದೇ: ಜಗಲಿಯನ್ನು ಮುಟ್ಟಬಾರದು. ಮಗನಿಗೆ ಅದನ್ನು ಮುಚ್ಚಿ ಇನ್ನೊಂದು ಕೋಣೆ ಮಾಡುವ ಆಸೆಯಿತ್ತು. ಯಾಕೆ ಬಿಡಲಿಲ್ಲವೆಂದು ನಾನು ಕೇಳಿದೆ. ಆಕೆ ಹೇಳಿದರು: “ವಾಧ್ಯಾರೇ, ಕೋಣೆಗೆ ಹೋದರೆ ಮಕ್ಕಳು ಬಾಗಿಲು ಹಾಕ್ಕೊಳ್ತವೆ. ಆಮೇಲೆ ಫೋನು. ಜಗಲಿಯಲ್ಲಿ ಕೂತು ಹೂ ಕಟ್ಟುವಾಗ ಮಾತ್ರ ಅವು ನನ್ನ ಜೊತೆ ನಮ್ಮ ಮಾತು ಆಡುವುದು.”

ನಾನು ನಿರುತ್ತರನಾದೆ. ಮಾತೃಭಾಷೆಗಾಗಿ ಸಂವಿಧಾನದ ವಿಧಿಗಳನ್ನು ಉದ್ಧರಿಸುತ್ತ ಬಂದವನು ನಾನು. ಭಾಷಾ ಅಲ್ಪಸಂಖ್ಯಾಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆನ್ನುವ 350-ಎ ವಿಧಿ 1956ರಲ್ಲಿ ಸೇರಿತು. ಅದೇ ವರ್ಷ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಶಾಲೆಗಾಗಿ, ಅಧ್ಯಾಪಕರಿಗಾಗಿ, ಕಚೇರಿಯ ಕಾಗದಗಳಿಗಾಗಿ ನಾವು ಮಾಡಿದ ಹೋರಾಟ ನ್ಯಾಯವಾದುದು. ಅದು ಮುಂದುವರಿಯಲೂ ಬೇಕು. ಆದರೆ ಯಾವ ವಿಧಿಯೂ, ಯಾವ ಸರಕಾರಿ ಆದೇಶವೂ ಮನೆಯ ಜಗಲಿಯಲ್ಲಿ ಅಜ್ಜಿಯ ಬಳಿ ಮೊಮ್ಮಗಳನ್ನು ಕೂರಿಸಲಾರದು. ಕನ್ನಡದಲ್ಲಿ ನಾವು ‘ಮನೆಮಾತು’ ಎನ್ನುತ್ತೇವೆ. ಆ ಮಾತಿಗೆ ಮನೆಯಲ್ಲಿ ಒಂದು ಎಡೆ ಬೇಡವೇ?

ನಮ್ಮ ಹೊಸ ಮನೆಗಳನ್ನು ನೋಡಿರಿ. ಚಾವಡಿ ಹೋಗಿ ಸೋಫಾ ಬಂತು. ಸೋಫಾದ ಎದುರು ಟಿ.ವಿ. ಜಗಲಿ ಹೋಗಿ ಕಾರು ನಿಲ್ಲಿಸುವ ಎಡೆ ಬಂತು. ಪ್ರತಿಯೊಬ್ಬರಿಗೂ ಬಾಗಿಲು ಹಾಕಿಕೊಳ್ಳುವ ಕೋಣೆಯಾಯಿತು, ಎಲ್ಲರೂ ಸೇರಿ ಕುಳಿತು ಕೆಲಸಮಾಡುತ್ತ ಮಾತಾಡುವ ಎಡೆ ಇಲ್ಲದಾಯಿತು. ಅಡಕೆ ಸುಲಿಯುವಾಗ, ಬೀಡಿ ಕಟ್ಟುವಾಗ, ಹಲಸಿನ ಸೊಳೆ ಬಿಡಿಸುವಾಗ ಹಿರಿಯರ ಬಾಯಿಂದ ಬೀಳುತ್ತಿದ್ದ ಗಾದೆ, ಒಗಟು, ಕತೆಗಳು ಎಲ್ಲಿ ಬೀಳಬೇಕು? ಮಕ್ಕಳು ಕನ್ನಡ ಮರೆಯುತ್ತಾರೆಂದು ಸಭೆಗಳಲ್ಲಿ ನಾವು ಮರುಗುತ್ತೇವೆ. ಮನೆಯ ನಕ್ಷೆ ಮಾಡಿಸುವಾಗ ಮಾತ್ರ ಇದು ನೆನಪಿಗೆ ಬರುವುದಿಲ್ಲ.

ಹೊರಡುವ ಹೊತ್ತಿಗೆ ಮೊಮ್ಮಗಳು ಅಟ್ಟದಿಂದ ಇಳಿದು ಬಂದಳು. ಏಳನೆಯ ತರಗತಿಯ ಹುಡುಗಿ. ಓದುವುದು ತಮಿಳು ಮಾಧ್ಯಮದಲ್ಲಿ. “ನಮ್ಮ ಮಾತಿಗೆ ಅಕ್ಷರ ಇದೆಯಂತೆ, ಹೌದಾ?” ಎಂದು ಕೇಳಿದಳು. ನಾನು ಅವಳ ಪಾಟಿಪುಸ್ತಕದ ಕೊನೆಯ ಹಾಳೆಯಲ್ಲಿ ಅವಳ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಿದೆ. ಅವಳು ಹಾಳೆಯನ್ನು ಹಿಡಿದುಕೊಂಡು ಗಾಜಿನ ಬೆಳಕು ಬೀಳುವಲ್ಲಿಗೆ ಹೋಗಿ ನಿಂತು, ಬಹಳ ಹೊತ್ತು ನೋಡಿದಳು. ಆಮೇಲೆ ಕೆಳಗೆ ತಾನೇ ಒಮ್ಮೆ ಬರೆದಳು. ಮೂರು ಅಕ್ಷರಗಳಲ್ಲಿ ಒಂದು ತಪ್ಪಾಗಿತ್ತು. ಅಜ್ಜಿಗೆ ಓದಲು ಬಾರದು, ಆದರೂ ಹಾಳೆಯನ್ನು ಕೈಗೆ ತೆಗೆದುಕೊಂಡು, “ಇದಾ ನಮ್ಮದು?” ಎಂದರು.

ಊರಿಗೆ ಬಂದ ಮೇಲೆ ಒಂದು ಬಾಲಪಾಠದ ಪುಸ್ತಕವನ್ನು ಅಂಚೆಯಲ್ಲಿ ಕಳುಹಿಸಿದ್ದೇನೆ. ಅಷ್ಟರಿಂದ ಅಲ್ಲಿ ಕನ್ನಡ ಉಳಿದೀತೆಂಬ ಭ್ರಮೆ ನನಗಿಲ್ಲ. ಆದರೆ ಓದಲು ಬೆಳಕಿರುವ ಒಂದು ಎಡೆಯೂ, ಮಾತಾಡಲು ಒಂದು ಜಗಲಿಯೂ ಆ ಮನೆಯಲ್ಲಿವೆ. ಅದನ್ನು ಮಾಡಿಕೊಂಡವರು ನಮಗಿಂತ ಬಡವರು, ಕನ್ನಡದ ಬಲದಲ್ಲಿ ನಮಗಿಂತ ಎಷ್ಟೋ ದುರ್ಬಲರು.

ಮಳೆಗಾಲ ಕಳೆದೊಡನೆ ನಮ್ಮೂರಲ್ಲಿ ಮನೆ ಕೆಲಸಗಳು ಆರಂಭವಾಗುತ್ತವೆ. ಹಳೆಯ ಮನೆಯನ್ನು ಕೆಡವಬೇಕೆಂದಿರುವವರಲ್ಲಿ ನನ್ನ ವಿನಂತಿ ಇಷ್ಟೆ. ಜೆಸಿಬಿಗೆ ಮುಂಗಡ ಕೊಡುವ ಮೊದಲು ನಂಬಿಕೆಯ ಮೇಸ್ತ್ರಿಯೊಬ್ಬನನ್ನು ಕರೆದು ಗೋಡೆಯ ಗಟ್ಟಿ ನೋಡಿಸಿರಿ. ಗೋಡೆ ಗಟ್ಟಿಯಿದ್ದರೆ ಮಾಡು ಸರಿಪಡಿಸಿ, ಬಡಗಣಕ್ಕೆ ಒಂದು ಕಿಟಕಿ ತೆರೆದು, ಒಂದು ವರ್ಷ ಅದರಲ್ಲಿ ಬಾಳಿ ನೋಡಿರಿ. ಆಮೇಲೂ ಸಾಲದೆಂದರೆ ಹೊಸತು ಸೇರಿಸಿರಿ. ಏನು ಸೇರಿಸಿದರೂ, ಏನು ಕೆಡವಿದರೂ, ನಾಲ್ಕು ಮಂದಿ ಕುಳಿತು ಮಾತಾಡುವ ಜಗಲಿಯೊಂದನ್ನು ಮಾತ್ರ ಉಳಿಸಿಕೊಳ್ಳಿರಿ.